ಎರಡನೆಯ ಗೆರೆ

ಫೆಬ್ರವರಿ 9

ಪ್ರೀತಿಯ ಭೂತಕನ್ನಡಿಗೆ,

ಈ ಹೆಸರಿನಿಂದ ಕರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ತಿಳಿಯದು. ಸೊಸೆ ಎನ್ನೋಣವೆಂದರೆ ಕೋರ್ಟಿನ ಪ್ರಕಾರ ನೀನು ಸೊಸೆಯಲ್ಲ. ಬರೀ ಹೆಸರು ಬರೆದರೆ ಬ್ಯಾಂಕಿನವರ ಕಾಗದದಂತೆ ಕಾಣುತ್ತದೆ. ಮನೆಗೆ ಬಂದ ಮೊದಲ ವಾರವೇ ನನ್ನ ಹೊಲಿಗೆಯಲ್ಲಿ ಜಾರಿದ ಒಂದೇ ಒಂದು ಎಳೆಯನ್ನು ಹುಡುಕಿ ತೋರಿಸಿದವಳಿಗೆ ನಾನಿಟ್ಟ ಹೆಸರು ಇದು. ಕೋರ್ಟು ಕೊಟ್ಟದ್ದಲ್ಲವಾದ್ದರಿಂದ ಅದನ್ನು ಕಿತ್ತುಕೊಳ್ಳಲೂ ಕೋರ್ಟಿಗೆ ಆಗದು ಅಂದುಕೊಂಡಿದ್ದೇನೆ.

ಬರೆಯಲು ಕಾರಣ ಜೊತೆಗಿರುವ ಲಕೋಟೆ. ನಿನ್ನ ಹಳೆಯ ಕಾಲೇಜಿನಿಂದ ಬಂದಿದೆ. ನೀನು ಹೋಗಿ ನಾಲ್ಕು ವರ್ಷವಾದರೂ ಅವರ ಪಾಲಿಗೆ ನೀನಿನ್ನೂ ಈ ಮನೆಯಲ್ಲೇ ಇದ್ದೀಯ. ನಿನ್ನ ವಿಳಾಸ ಕೇಳಿದಾಗ ಮಗ ಏಕೆ ಎಂದು ಕೇಳದೆ ಬರೆದುಕೊಟ್ಟ.

ಲಕೋಟೆ ಮಾತ್ರ ಕಳಿಸಬಹುದಿತ್ತು. ಆದರೆ ಹೋದ ವಾರ ನನ್ನ ಕೈಯಲ್ಲಿ ಒಂದು ಕೆಲಸ ಕೆಟ್ಟಿತು. ಬೇರೆ ಯಾರಿಗೆ ಹೇಳಿದರೂ ಅದು ಬರೀ ಬಟ್ಟೆಯ ವಿಷಯವಾಗುತ್ತದೆ. ನಿನಗೆ ನಾನು ಬಟ್ಟೆ ಕತ್ತರಿಸುವ ಹಲಗೆ ಗೊತ್ತು.

ಪಿಟೀಲು ಮೇಷ್ಟ್ರ ಕೋಟು. ಇಪ್ಪತ್ತು ವರ್ಷದಿಂದ ಅವರಿಗೆ ನಾನೇ ಹೊಲಿಯುತ್ತಿರುವುದು ನಿನಗೆ ನೆನಪಿರಬೇಕು. ಕಮಾನು ಎಳೆಯಲು ಬಲತೋಳು ಒಂದಿಷ್ಟು ಸಡಿಲ ಬೇಕು. ಬೂದು ಉಣ್ಣೆ ಬಟ್ಟೆಯನ್ನು ಹರಡಿ ಗೆರೆ ಎಳೆದೆ. ಕತ್ತರಿ ಹಿಡಿದು ನೋಡಿದರೆ ಎರಡು ಗೆರೆ. ಒಳಗಿನದು ಹೊಲಿಗೆಗೆ, ಹೊರಗಿನದು ಕತ್ತರಿಗೆ, ಎಲ್ಲ ದರ್ಜಿಗಳೂ ಹಾಕುವ ಹಾಗೆ. ವಯಸ್ಸಾದಂತೆ ಧೈರ್ಯ ಸಾಲದೆ ನಾನೂ ಎರಡನೆಯದನ್ನು ಎಳೆದುಬಿಟ್ಟಿದ್ದೇನೆ ಅಂದುಕೊಂಡು ಹೊರಗಿನ ಗೆರೆಯ ಮೇಲೆ ಕತ್ತರಿ ಓಡಿಸಿದೆ. ಹೊಲಿದಾಗ ತೋಳು ಮುಕ್ಕಾಲು ಇಂಚು ಬಿಗಿ. ಮೇಷ್ಟ್ರು ಕೈ ಎತ್ತಿದರು, ಅರ್ಧಕ್ಕೇ ನಿಂತಿತು. "ಇರಲಿ ಬಿಡಮ್ಮ, ಇಷ್ಟು ವರ್ಷ ನನ್ನ ಅಪಸ್ವರ ನೀವು ಸಹಿಸ್ಕೊಂಡಿಲ್ವಾ" ಅಂದರು. ನನಗೆ ನೆಲ ಬಿರಿದು ನುಂಗಬಾರದೇ ಅನಿಸಿತು.

ಉಳಿದಂತೆ ಚೆನ್ನಾಗಿದ್ದೇನೆ. ಬೆಳಿಗ್ಗೆ ಏಳುವಾಗ ತಲೆ ಸಿಡಿಯುತ್ತದೆ, ಎದ್ದು ಓಡಾಡಿದರೆ ತಗ್ಗುತ್ತದೆ. ಕೆಳತುಟಿಯೂ ಗಲ್ಲದ ಎಡಭಾಗವೂ ಜೋಮು ಹಿಡಿದ ಹಾಗಿದೆ. ನಲವತ್ತು ವರ್ಷ ಗುಂಡುಪಿನ್ನು ಕಚ್ಚಿಕೊಂಡ ತುಟಿ, ಚಪ್ಪಲಿಯ ಚರ್ಮವಾಗದೆ ಇನ್ನೇನಾದೀತು. ಮೊನ್ನೆ ಗಿರಾಕಿಯೊಬ್ಬಳು "ಅಮ್ಮ, ಗಲ್ಲದ ಮೇಲೆ ರಕ್ತ" ಎಂದಾಗಲೇ ಪಿನ್ನು ಚುಚ್ಚಿದ್ದು ತಿಳಿದದ್ದು.

ಉತ್ತರ ಬರೆಯಲೇಬೇಕೆಂದಿಲ್ಲ.

ನಿನ್ನ ಅತ್ತೆಯಾಗಿದ್ದವಳು


ಫೆಬ್ರವರಿ 17

ಅತ್ತೆ, ನಮಸ್ಕಾರ.

"ಆಗಿದ್ದವಳು" ಎಂದು ದಯವಿಟ್ಟು ಬರೆಯಬೇಡಿ.

ಕಾಗದ ಇಂದು ಮಧ್ಯಾಹ್ನ ಲ್ಯಾಬಿಗೆ ಬಂತು. ಮೊದಲ ಸಲ ಓದಿದಾಗ ನಿಮ್ಮ ಅಕ್ಷರ ಕಂಡ ಸಂತೋಷ ಬಿಟ್ಟರೆ ಬೇರೇನೂ ತಲೆಗೆ ಹೋಗಲಿಲ್ಲ. ಎರಡನೆಯ ಸಲ ಓದಿ, ಕೈಯಲ್ಲಿದ್ದ ಸ್ಲೈಡನ್ನು ಕೆಳಗಿಟ್ಟೆ.

ಅತ್ತೆ, ನೀವು ಎರಡು ಗೆರೆ ಎಳೆಯುವವರಲ್ಲ. ಹತ್ತು ವರ್ಷ ನಿಮ್ಮ ಹಲಗೆಯ ಮೂಲೆಯಲ್ಲಿ ಕೂತು ಬೆಳಗಿನ ತಿಂಡಿ ತಿಂದವಳು ನಾನು. ಹೊಲಿಗೆಯ ಗೆರೆ ಒಂದನ್ನೇ ಎಳೆಯುತ್ತೀರಿ, ಹೊರಗೆ ಬಿಡಬೇಕಾದ ಅಂಚನ್ನು ಕಣ್ಣಳತೆಯಲ್ಲೇ ಬಿಟ್ಟು ಕತ್ತರಿಸುತ್ತೀರಿ. "ಎರಡು ಗೆರೆ ಹಾಕೋರು ತಮ್ಮ ಕೈಯನ್ನೇ ನಂಬದೋರು" ಎಂದು ಕಲಿಯಲು ಬಂದ ಹುಡುಗಿಯರನ್ನೆಲ್ಲ ರೇಗಿಸುತ್ತಿದ್ದವರು ನೀವು. ಆ ಗೆರೆ ನೀವು ಎಳೆದದ್ದಲ್ಲ. ಇದ್ದ ಒಂದೇ ಗೆರೆ ನಿಮಗೆ ಎರಡಾಗಿ ಕಂಡಿದೆ. ಕತ್ತರಿ ಓಡಿದ್ದು ಹೊಲಿಗೆಯ ಗೆರೆಯ ಮೇಲೇ. ಅದಕ್ಕೇ ತೋಳು ಸರಿಯಾಗಿ ನೀವು ಬಿಡುವ ಅಂಚಿನಷ್ಟು ಬಿಗಿಯಾದದ್ದು.

ಒಂದು ಕಣ್ಣು ಮುಚ್ಚಿಕೊಂಡು ಹಲಗೆಯ ಬಲತುದಿಯನ್ನು ನೋಡಿ. ಗೆರೆ ಒಂದೇ ಆಗುತ್ತದೆಯೇ? ಬೀದಿಯಲ್ಲಿ ಬರುವ ಬಸ್ಸೂ ಎರಡಾಗುತ್ತದೆಯೇ? ಮಿಷನ್ ತುಳಿಯುವಾಗ ಕಾಲು ಹೇಗಿದೆ? ತುಟಿಯ ಜೋಮು ಪಿನ್ನಿನಿಂದ ಬಂದದ್ದಾಗಿದ್ದರೆ ನಡುವಿನಲ್ಲಿ ಬರಬೇಕಿತ್ತು, ಪಿನ್ನು ಕಚ್ಚುವುದು ನೀವು ಅಲ್ಲಿ. ಎಡಗಲ್ಲ ಏನು ತಪ್ಪು ಮಾಡಿತ್ತು?

ಈ ಕಾಗದ ನಿಮ್ಮ ಕೈಸೇರುವ ಮೊದಲೇ ನಿಮ್ಮ ಮಗನಿಗೆ ಫೋನ್ ಮಾಡಿರುತ್ತೇನೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಇಲ್ಲವಾದರೆ ಇಬ್ಬರೂ ಬಿಸಿಲಿನ ಬಗ್ಗೆ ಮಾತಾಡಿ ಇಟ್ಟುಬಿಡುತ್ತೇವೆ. ಆರು ವರ್ಷದ ಹಿಂದೆ ನಿಮ್ಮ ಎದೆಯ ಗಂಟು ತೆಗೆದಾಗ, ಮನೆಯವರ ಸ್ಲೈಡನ್ನು ನೋಡಬಾರದೆಂದು ಅಲ್ಲಿನ ನಮ್ಮ ಲ್ಯಾಬಿನ ಮುಖ್ಯಸ್ಥರು ಅದನ್ನು ಬೇರೆಯವರ ಮೇಜಿಗೆ ಕೊಟ್ಟಿದ್ದರು. ಎಲ್ಲರೂ ಊಟಕ್ಕೆ ಹೋದಾಗ ನಾನು ಕದ್ದು ನೋಡಿದ್ದೆ. ಇಂದಿಗೂ ಆ ಕ್ಯಾನ್ಸರ್ ಕಣಗಳ ಮುಖ ನನಗೆ ನೆನಪಿದೆ.

ಎದೆಯ ಕಾಯಿಲೆಯ ವಿಷಯವನ್ನು ಹೋದ ಕಡೆಯೆಲ್ಲ ಮೊದಲು ಹೇಳಿ. ಮುಗಿದ ಕಥೆ ಎಂದು ಬಿಡಬೇಡಿ.

ನಿಮ್ಮ
ಭೂತಕನ್ನಡಿ


ಮಾರ್ಚ್ 2

ಭೂತಕನ್ನಡಿ,

ಮೊಸರಲ್ಲಿ ಕಲ್ಲು ಹುಡುಕುವ ನಿನ್ನ ಬುದ್ಧಿ ಹಾಗೇ ಇದೆ ಎಂದು ಸಮಾಧಾನವಾಯಿತು. ಕಲ್ಲು ಸಿಕ್ಕಿದರೆ ಮೊಸರಿನದೇ ತಪ್ಪು.

ನೀನು ಫೋನ್ ಮಾಡಿದ ಸಂಜೆ ಮಗ ಅರ್ಧ ಗಂಟೆ ಬಾಲ್ಕನಿಯಲ್ಲಿ ನಿಂತಿದ್ದ. ಒಳಗೆ ಬಂದು "ಅಮ್ಮ, ಒಂದು ಕಣ್ಣು ಮುಚ್ಚು" ಅಂದ. ಮುಚ್ಚಿದೆ. ಗೆರೆ ಒಂದೇ. ತೆರೆದೆ, ಎರಡು.

ಆಮೇಲಿನದು ದೊಡ್ಡ ಮೆರವಣಿಗೆ. ಕಣ್ಣಿನವರು ಹೊಸ ಕನ್ನಡಕ ಕೊಟ್ಟರು. ಹಾಕಿಕೊಂಡರೆ ಎರಡು ಗೆರೆಗಳೂ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ. ಹಲ್ಲಿನವರು ಗಲ್ಲದ ಜೋಮಿಗೆ ದವಡೆ ಹಲ್ಲು ಕಾರಣವೆಂದು ಒಂದನ್ನು ಕಿತ್ತರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಮ್ಮ ಮಾಮೂಲಿ ಡಾಕ್ಟರು ಕಾಲಿನ ಸುಸ್ತಿಗೆ ವಿಟಮಿನ್ ಬರೆದರು. ಹೌದು, ಕಾಲು ಕೂಡ. ಬಲಗಾಲು ಪೆಡಲಿನಿಂದ ಜಾರುತ್ತದೆ. ನೀನು ಕೇಳದಿದ್ದರೆ ಹೇಳುತ್ತಿರಲಿಲ್ಲ. ಕೊನೆಗೆ ತಲೆಯ ಸ್ಕ್ಯಾನ್ ಆಯಿತು. "ವಯಸ್ಸಿಗೆ ತಕ್ಕ ಹಾಗಿದೆ" ಅಂದರು. ನನ್ನ ಮುಖ ನೋಡಿಯೇ ಹೇಳಬಹುದಾಗಿದ್ದ ಮಾತು, ಅದಕ್ಕೆ ಅಷ್ಟು ದೊಡ್ಡ ಯಂತ್ರ ಬೇಕಿತ್ತೇ?

ಯಾರನ್ನೂ ದೂರುತ್ತಿಲ್ಲ. ಒಬ್ಬೊಬ್ಬರೂ ತಮಗೆ ಕಂಡ ತುಂಡನ್ನು ಪ್ರಾಮಾಣಿಕವಾಗಿಯೇ ಹೊಲಿದರು. ಆದರೆ ಈಗ ಎಲ್ಲರೂ ಸೇರಿ "ಮನಸ್ಸಿನ ಮೇಲೆ ತುಂಬ ಹಾಕ್ಕೋಬೇಡಿ" ಅನ್ನುತ್ತಿದ್ದಾರೆ. ಮಗನೂ ಆ ಮಾತಿಗೆ ಒಲಿಯುತ್ತಿದ್ದಾನೆ, ಪಾಪ, ಅವನಿಗೆ ಅದೇ ಬೇಕು.

ನನಗೆ ಬೇಕಾದದ್ದು ಬೇರೆ. ಮಗನಿಗೆ ಹೇಳಲಾಗದ್ದನ್ನು ನಿನಗೆ ಹೇಳುತ್ತೇನೆ. ಮೊನ್ನೆ ಕತ್ತರಿ ಕೊಡು ಎನ್ನಲು ಹೋಗಿ ಚಮಚ ಕೊಡು ಎಂದೆ. ಅವನು ನಕ್ಕ, ನಾನೂ ನಕ್ಕೆ. ಒಳಗೆ ಮಾತ್ರ ಹೆದರಿದೆ. ಸಾಯುವುದು ನನಗೆ ಹೊಸ ವಿಷಯವಲ್ಲ, ಆರು ವರ್ಷದ ಹಿಂದೆ ಅದರ ಜೊತೆ ಒಂದೇ ಕೋಣೆಯಲ್ಲಿದ್ದೆ. ಆದರೆ ಏನಾಗುತ್ತಿದೆ ಎಂದು ನನ್ನ ತಲೆ ನನ್ನದಾಗಿರುವಾಗಲೇ ನನಗೆ ತಿಳಿಯಬೇಕು. ಕತ್ತರಿಯನ್ನು ನಾನೇ ಕೆಳಗಿಡಬೇಕು. ಅದು ತಾನಾಗಿ ಕೈಯಿಂದ ಬೀಳಬಾರದು.

ಅತ್ತೆ


ಮಾರ್ಚ್ 9

ಅತ್ತೆ, ನಮಸ್ಕಾರ.

ಕೇಳಿದ್ದೀರಿ, ಹಾಗಾಗಿ ಹೇಳುತ್ತೇನೆ. ನಾನು ಡಾಕ್ಟರಲ್ಲ, ಗಾಜಿನ ಮೇಲೆ ಕಣ ಹುಡುಕುವವಳು. ಇದು ಅನುಮಾನ ಮಾತ್ರ.

ಮಿದುಳಿನ ಮೇಲೂ ಬೆನ್ನುಹುರಿಯ ಸುತ್ತಲೂ ತೆಳ್ಳನೆಯ ಪೊರೆಗಳಿವೆ, ನೀವು ಕೋಟಿನೊಳಗೆ ಕೊಡುವ ಲೈನಿಂಗ್ ಇದ್ದ ಹಾಗೆ. ಅವುಗಳ ನಡುವೆ ನೀರು ಹರಿದಾಡುತ್ತಿರುತ್ತದೆ. ಹಳೆಯ ಕ್ಯಾನ್ಸರಿನ ಒಂದೆರಡು ಕಣ ಎಷ್ಟೋ ವರ್ಷದ ಮೇಲೆ ಆ ನೀರನ್ನು ಸೇರಿಕೊಳ್ಳುವುದುಂಟು. ಅವು ಎಲ್ಲೋ ಒಂದು ಕಡೆ ಗಡ್ಡೆಯಾಗಿ ಕೂರುವುದಕ್ಕಿಂತ, ಚೆಲ್ಲಿದ ರವೆಯ ಹಾಗೆ ಪೊರೆಯುದ್ದಕ್ಕೂ ಹರಡುತ್ತವೆ. ಆ ಪೊರೆಯನ್ನು ದಾಟಿಯೇ ನರಗಳು ಹೊರಗೆ ಹೋಗಬೇಕು. ಕಣ್ಣು ಹೊರಳಿಸುವ ನರ, ಗಲ್ಲದ ನರ, ಕಾಲಿನ ನರ. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಮೂರು ತೊಂದರೆ ಒಟ್ಟಿಗೆ ಬಂದರೆ, ಮೂರೂ ಹಾದುಹೋಗುವ ದಾರಿಯನ್ನು ನೋಡಬೇಕು. ಬೆಳಗಿನ ತಲೆನೋವು ನೀರಿನ ಒತ್ತಡ ಹೆಚ್ಚಿದ್ದರಿಂದ ಇರಬಹುದು.

ನಿಮ್ಮ ಸ್ಕ್ಯಾನಿನ ಕಾಗದವನ್ನು ನಿಮ್ಮ ಮಗ ಫೋಟೋ ತೆಗೆದು ಕಳಿಸಿದರು. ರಕ್ತಕ್ಕೆ ಬಣ್ಣದ ಔಷಧಿ ಕೊಡದೆ ತೆಗೆದದ್ದು. ಅಷ್ಟು ತೆಳು ಪೊರೆಯ ಕಾಯಿಲೆ ಅದರಲ್ಲಿ ಕಾಣದೇ ಹೋಗಬಹುದು. ಎದೆಯ ಕಾಯಿಲೆಗೆ ಔಷಧಿ ಕೊಟ್ಟ ಆ ಡಾಕ್ಟರಮ್ಮನ ಬಳಿಗೇ ಹೋಗಿ. ಬಣ್ಣದ ಔಷಧಿ ಕೊಟ್ಟು ಮತ್ತೆ ಸ್ಕ್ಯಾನ್ ಮಾಡಿಸಬೇಕೇ, ಬೆನ್ನಿನಿಂದ ನೀರು ತೆಗೆದು ನೋಡಬೇಕೇ ಎಂದು ಕೇಳಿ. ಈ ಎರಡು ಪ್ರಶ್ನೆ ಸಾಕು.

ನೀವು ಬರೆದದ್ದನ್ನು ನಾನು ಯಾರಿಗೂ ಹೇಳಿಲ್ಲ. ಚಮಚದ ವಿಷಯವನ್ನು ಮಾತ್ರ ಡಾಕ್ಟರಿಗೆ ನೀವೇ ಹೇಳಿ.

ನನ್ನ ಅನುಮಾನ ತಪ್ಪಾದರೆ ನನ್ನಷ್ಟು ಸಂತೋಷಪಡುವವರು ಇನ್ನೊಬ್ಬರಿಲ್ಲ.

ಭೂತಕನ್ನಡಿ


ಮಾರ್ಚ್ 25

ಭೂತಕನ್ನಡಿ,

ನಿನ್ನ ಅನುಮಾನ ತಪ್ಪಂತೆ. ಸಂತೋಷಪಡು.

ಮೊದಲಿನಿಂದ ಹೇಳುತ್ತೇನೆ. ಡಾಕ್ಟರಮ್ಮನಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿದ ಕೂಡಲೇ "ಆವತ್ತು ನೀವು ಹೊಲಿದುಕೊಟ್ಟ ಆ ಹಸಿರು ಕೋಟು ಇವತ್ತಿಗೂ ಹಾಕ್ತೀನಿ" ಅಂದರು. ಅರ್ಧ ಗಂಟೆ ಕೇಳಿಸಿಕೊಂಡರು. ನಡುವೆ ಫೋನ್ ಬಂದರೆ ಮೊಗಚಿ ಇಟ್ಟರು. ಅಷ್ಟಕ್ಕೇ ನನ್ನ ಕಣ್ಣು ತುಂಬಿತು, ಕಾಯಿಲೆಯಿಂದಲ್ಲ. ಬಣ್ಣದ ಸ್ಕ್ಯಾನಿನಲ್ಲಿ ಮಿದುಳಿನ ಮಡಿಕೆಗಳ ನಡುವೆ ಏನೋ ಸಣ್ಣ ಬೆಳಕಿನ ಗೀರು, ಸೋಂಕಿದ್ದರೂ ಹಾಗೆ ಕಾಣಬಹುದು, ನೀರು ನೋಡಿಯೇ ಹೇಳಬೇಕು ಅಂದರು.

ಶುಕ್ರವಾರ ಸಂಜೆ ನೀರು ತೆಗೆದರು. ಮಗುವಿನಂತೆ ಮುದುಡಿ ಮಲಗಿಸಿದರು. ಸೂಜಿಯ ಬಗ್ಗೆ ದರ್ಜಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಳ್ಳೆಯ ಕೈ ಅವರದು. ನೀರು ಇಳಿದ ಮೇಲೆ ಎರಡು ತಿಂಗಳ ತಲೆನೋವು ಟೋಪಿ ತೆಗೆದಿಟ್ಟ ಹಾಗೆ ಹೋಯಿತು. ಆ ಶನಿವಾರದಷ್ಟು ಒಳ್ಳೆಯ ಬೆಳಗನ್ನು ನಾನು ಬದುಕಿನಲ್ಲೇ ನೋಡಿಲ್ಲ. ಮಗನನ್ನು ಎಬ್ಬಿಸಿ ಕಾಫಿ ಮಾಡಿಕೊಟ್ಟೆ.

ನೀರಿನ ಕಥೆ ಕೇಳು, ನಗು ಬರುತ್ತದೆ. ಅಷ್ಟೊತ್ತಿಗೆ ಲ್ಯಾಬಿನವರು ಬೀಗ ಹಾಕಿಕೊಂಡು ಹೋಗಿದ್ದರು. ನರ್ಸಮ್ಮ ಕೊಳವೆಯನ್ನು ವಾರ್ಡಿನ ಫ್ರಿಜ್ಜಿನಲ್ಲಿಟ್ಟು ಸೋಮವಾರ ಕಳಿಸಿದರು. "ನಿಮಗಿಂತ ಜಾಸ್ತಿ ರೆಸ್ಟ್ ತಗೊಂಡಿದೆ ನಿಮ್ಮ ನೀರು" ಅಂದರು. ನಿನ್ನೆ ವರದಿ ಬಂತು: ಕ್ಯಾನ್ಸರ್ ಕಣಗಳು ಕಂಡುಬಂದಿಲ್ಲ. ಮಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ದಾರಿಯಲ್ಲಿ ಕೇಕು ಕೊಡಿಸಿದ. ಡಾಕ್ಟರಮ್ಮ ಮಾತ್ರ ಅಷ್ಟೇನೂ ನಗಲಿಲ್ಲ. ನೀರಿನಲ್ಲಿ ಸಕ್ಕರೆ ಕಡಿಮೆ, ಪ್ರೋಟೀನ್ ಜಾಸ್ತಿ ಇದೆ, ಮುಂದಿನ ತಿಂಗಳು ಮತ್ತೆ ಬನ್ನಿ ಅಂದರು.

ನಾನೂ ಕೇಕು ತಿಂದೆ. ನಿಜ ಹೇಳಲೇ? ಎಡಗಡೆ ಕೆನೆ ಮೆತ್ತಿದ್ದು ತಿಳಿಯಲಿಲ್ಲ, ಮಗ ಒರೆಸಿದ. ತಲೆನೋವು ಇಂದು ಬೆಳಿಗ್ಗೆ ವಾಪಸು ಬಂದಿದೆ.

ಅತ್ತೆ


ಮಾರ್ಚ್ 28

ಮಾನ್ಯ ಡಾಕ್ಟರಮ್ಮನವರಿಗೆ,

ನಿಮ್ಮ ರೋಗಿ, ದರ್ಜಿ ಕೆಲಸದವರು, ಅವರ ಮಾಜಿ ಸೊಸೆ ನಾನು. ಹದಿನೆಂಟು ವರ್ಷದಿಂದ ಕಣಪರೀಕ್ಷೆಯ ಮೇಜಿನಲ್ಲಿ ಕೆಲಸ ಮಾಡುತ್ತಿದ್ದೇನೆ, ಈಗ ನಾಲ್ಕು ವರ್ಷದಿಂದ ಇಲ್ಲಿನ ಆಸ್ಪತ್ರೆಯೊಂದರಲ್ಲಿ. ಫೋನಿನಲ್ಲಿ ಎರಡು ಸಲ ಪ್ರಯತ್ನಿಸಿದೆ, ನೀವು ರೌಂಡ್ಸಿನಲ್ಲಿದ್ದಿರಿ. ಈ ಕಾಗದವನ್ನು ಅವರ ಮಗ ನಿಮ್ಮ ಕೈಗೇ ಕೊಡುತ್ತಾರೆ.

ಅವರನ್ನು ನೀವು ಕೂರಿಸಿ ಕೇಳಿಸಿಕೊಂಡಿದ್ದಕ್ಕೆ ಮೊದಲು ಕೃತಜ್ಞತೆ.

ಬೆನ್ನಿನ ನೀರನ್ನು ಶುಕ್ರವಾರ ಸಂಜೆ ತೆಗೆದು ಸೋಮವಾರ ಪರೀಕ್ಷಿಸಲಾಗಿದೆ ಎಂದು ತಿಳಿಯಿತು. ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತಿಲ್ಲ: ಆ ನೀರಿನಲ್ಲಿ ಕಣಗಳು ಬೇಗ ಒಡೆದು ಕರಗಿಹೋಗುತ್ತವೆ. ಮೂರು ದಿನದ ಮೇಲೆ ಗಾಜಿನ ಮೇಲೆ ಏನೂ ಕಾಣದಿರುವುದು ಏನೂ ಇಲ್ಲವೆಂಬುದಕ್ಕೆ ಸಾಕ್ಷಿಯಾಗಲಾರದು. ತಾಜಾ ನೀರಿನಲ್ಲೂ ಮೊದಲ ಸಲ ಸಿಗದೆ ಎರಡನೆಯ ಸಲ ಸಿಕ್ಕದ್ದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ.

ಹಿಂದೊಮ್ಮೆ ಇಂಥದೇ ಹಳೆಯ ಮಾದರಿಗೆ "ಕಂಡುಬಂದಿಲ್ಲ" ಎಂದಷ್ಟೇ ಬರೆದು, ಮಾದರಿ ಹಳೆಯದು ಎಂದು ಬರೆಯದೆ ಸಹಿ ಮಾಡಿದವಳು ನಾನು. ಆ ರೋಗಿಯ ಮನೆಯವರೂ ಅಂದು ಸಂತೋಷದಿಂದ ಮನೆಗೆ ಹೋಗಿರಬೇಕು. ಹಾಗಾಗಿ ಯಾರ ಮೇಲೂ ದೂರಿಲ್ಲ.

ಸಾಧ್ಯವಾದರೆ ಇನ್ನೊಮ್ಮೆ, ಬೆಳಗಿನ ಹೊತ್ತು, ಕಡಿಮೆಯೆಂದರೆ ಹತ್ತು ಮಿಲಿಲೀಟರ್ ತೆಗೆದು ಒಡನೆಯೇ ಲ್ಯಾಬಿಗೆ ತಲುಪಿಸಬಹುದೇ? ಲ್ಯಾಬಿನವರಿಗೆ ಮೊದಲೇ ತಿಳಿಸಿಟ್ಟರೆ ಅವರು ಕಾದಿರುತ್ತಾರೆ. ನಾವು ಕಾಯುತ್ತೇವೆ, ಯಾರಾದರೂ ಹೇಳಿದರೆ.

ಅವರು ತಿಳಿದುಕೊಳ್ಳಲು ಬಯಸುತ್ತಾರೆ. ಅದು ಅವರದೇ ಮಾತು.

ನಮಸ್ಕಾರಗಳೊಂದಿಗೆ,
ಕಣಪರೀಕ್ಷಕಿ


ಏಪ್ರಿಲ್ 4

ನಿನಗೆ,

ನಾನು ಕಾಗದ ಬರೆಯುವವನಲ್ಲ ಎಂದು ನಿನಗೆ ಗೊತ್ತು. ನಮ್ಮ ಕೆಲಸದಲ್ಲಿ ಬರೆಯುವುದಿದ್ದರೆ "ಲಿಫ್ಟ್ ಕೆಟ್ಟಿದೆ" ಎಂಬ ಬೋರ್ಡು ಒಂದೇ. ಆದರೆ ಇದನ್ನು ಫೋನಿನಲ್ಲಿ ಹೇಳಲು ಆಗಲಿಲ್ಲ, ಎರಡು ಸಲ ನಂಬರ್ ಒತ್ತಿ ಇಟ್ಟೆ.

ಡಾಕ್ಟರು ನಿನ್ನ ಕಾಗದವನ್ನು ಎರಡು ಸಲ ಓದಿದರು. "ನನಗೂ ಸಮಾಧಾನ ಇರಲಿಲ್ಲ, ಒಂದು ತಿಂಗಳು ಕಾಯೋಣ ಅಂದಿದ್ದು ನನ್ನ ತಪ್ಪು" ಅಂದರು. ಡಾಕ್ಟರ ಬಾಯಲ್ಲಿ ಆ ಮಾತು ಬಂದಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ನೀರು ತೆಗೆದರು. ಕೊಳವೆಯನ್ನು ಒಯ್ಯಲು ನಾನೇ ಕೇಳಿಕೊಂಡೆ. ಲ್ಯಾಬು ಐದನೇ ಮಹಡಿ. ಮೆಟ್ಟಿಲಲ್ಲಿ ಓಡಿದೆ. ಆ ಲಿಫ್ಟನ್ನು ಹೋದ ತಿಂಗಳು ರಿಪೇರಿ ಮಾಡಿದವನು ನಾನೇ, ಅದಕ್ಕೇ ನಂಬಲಿಲ್ಲ.

ಲ್ಯಾಬಿನವರು ಬಾಗಿಲಲ್ಲೇ ಕೈಚಾಚಿ ನಿಂತಿದ್ದರು. ಮಧ್ಯಾಹ್ನ ನನ್ನನ್ನು ಒಳಗೆ ಕರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಸಿಕ್ಕಿವೆ. ನೀನು ಹೇಳಿದ್ದು ಸರಿ.

ಅವು ಅಷ್ಟು ದುಂಡಗೆ, ಅಷ್ಟು ಚೆಂದ ಇರುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ನೀನು ಕೆಲಸದಿಂದ ಬಂದು ಸುಮ್ಮನೆ ಗೋಡೆ ನೋಡುತ್ತ ಕೂತಿರುತ್ತಿದ್ದ ಸಂಜೆಗಳು ನೆನಪಾದವು. ಆಗೆಲ್ಲ ನಾನು ಟಿವಿಯ ದನಿ ಏರಿಸುತ್ತಿದ್ದೆ.

ಅಮ್ಮನಿಗೆ ಹೇಗೆ ಹೇಳಲಿ ಎಂದು ಐದು ಮಹಡಿ ಇಳಿಯುವವರೆಗೂ ಯೋಚಿಸಿದೆ. ವಾರ್ಡಿನ ಬಾಗಿಲಲ್ಲಿ ನನ್ನ ಮುಖ ನೋಡಿ "ಸಿಕ್ತಾ?" ಅಂದಳು. ಹೂಂ ಅಂದೆ. "ಅಂತೂ ಸಿಕ್ತಲ್ಲ" ಎಂದು ಕಣ್ಣು ಮುಚ್ಚಿಕೊಂಡಳು. ಕಳೆದುಹೋದ ಬೀಗದ ಕೈ ಸಿಕ್ಕಿದವರ ಹಾಗೆ. ಆಮೇಲೆ ಊಟ ಕೇಳಿದಳು.

ಥ್ಯಾಂಕ್ಸ್ ಎನ್ನುವುದು ಸಣ್ಣ ಮಾತು. ನನ್ನ ಬಳಿ ಇರುವುದು ಅದೇ.

ಅವಳ ಮಗ


ಏಪ್ರಿಲ್ 8

ಅತ್ತೆ, ನಮಸ್ಕಾರ.

ನಿಮ್ಮ ಮಗನ ಕಾಗದ ಬಂತು. ಈ ಸಲ ನನ್ನ ಕಣ್ಣು ಸುಳ್ಳಾಗಲಿ ಎಂದು ಎಷ್ಟು ಬೇಡಿಕೊಂಡಿದ್ದೆನೆಂದು ಹೇಳಲಾರೆ. ಲ್ಯಾಬಿನಲ್ಲಿ ಕಣ ಸಿಕ್ಕಾಗ ನಮಗೊಂದು ಗೆಲುವಿನ ಭಾವ ಬರುತ್ತದೆ. ಹದಿನೆಂಟು ವರ್ಷ ಅದನ್ನು ಅನುಭವಿಸಿದ್ದೇನೆ. ನಿನ್ನೆ ಮೊದಲ ಸಲ ಅದಕ್ಕೆ ನಾಚಿಕೆಪಟ್ಟೆ.

ನಾಲ್ಕು ವರ್ಷ ನಾನೇಕೆ ಬರೆಯಲಿಲ್ಲ ಎಂದು ನೀವು ಕೇಳಿಲ್ಲ. ನಾನೇ ಹೇಳುತ್ತೇನೆ. ನಾನು ಬಿಟ್ಟು ಬಂದದ್ದು ಒಬ್ಬರನ್ನು. ಅವರನ್ನು ಬಿಟ್ಟು ನಿಮ್ಮನ್ನು ಮಾತ್ರ ಇಟ್ಟುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಅಂದು ಪೆಟ್ಟಿಗೆ ಹಿಡಿದು ಮೆಟ್ಟಿಲಿಳಿಯುವಾಗ ನಿಮ್ಮ ಮಿಷನ್ ಸದ್ದು ಬೀದಿಯವರೆಗೂ ಕೇಳುತ್ತಿತ್ತು. ಒಂದು ಕ್ಷಣವೂ ನಿಲ್ಲಲಿಲ್ಲ. ನಿಮಗೂ ಸಾಕಾಗಿರಬೇಕು ಅಂದುಕೊಂಡೆ.

ನನಗೆ ಎರಡು ತಿಂಗಳ ರಜೆ ಇದೆ. ಬರಲೇ ಎಂದು ಕೇಳುತ್ತಿದ್ದೇನೆ. ಬೇಡವೆಂದರೆ ಬೇಜಾರಿಲ್ಲ, ಕಾಗದ ಬರೆಯುತ್ತಿರುತ್ತೇನೆ.

ನಿಮ್ಮ
ಭೂತಕನ್ನಡಿ


ಏಪ್ರಿಲ್ 21

ಭೂತಕನ್ನಡಿ,

ತಡವಾಯಿತು. ಹಣೆಯ ಮೇಲೆ, ಕೂದಲ ಕೆಳಗೆ ನನಗೊಂದು ಗುಂಡಿ ಕೂರಿಸಿದ್ದಾರೆ. ಅದರ ಮೂಲಕ ಔಷಧಿಯನ್ನು ನೇರವಾಗಿ ಆ ನೀರಿಗೇ ಹಾಕುತ್ತಾರಂತೆ. ಸಾವಿರಾರು ಗುಂಡಿ ಹೊಲಿದವಳಿಗೆ ಕಾಜಾ ಇಲ್ಲದ ಗುಂಡಿ ಇದೇ ಮೊದಲು. ತಲೆಯ ಬುಡಕ್ಕೆ ಹತ್ತು ದಿನ ಕಿರಣ ಕೊಟ್ಟರು. ಗೆರೆಗಳು ಒಂದಕ್ಕೊಂದು ಹತ್ತಿರ ಬಂದಿವೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡರೆ ಇನ್ನೂ ನಿಶ್ಚಿಂತೆ. ಮೇಷ್ಟ್ರ ಕೋಟಿಗೆ ಹೊಸ ತೋಳು ಹಾಕಿದೆ. ಅದು ನನ್ನ ಕೊನೆಯ ತೋಳು ಎಂದು ನಾನೇ ತೀರ್ಮಾನಿಸಿ, ಕತ್ತರಿಗೆ ಎಣ್ಣೆ ಹಚ್ಚಿ, ಕಲಿಯಲು ಬರುತ್ತಿದ್ದ ಆ ಎಡಗೈ ಹುಡುಗಿಗೆ ಕೊಟ್ಟೆ. ಎಡಗೈಗೆ ಆ ಕತ್ತರಿ ಒಗ್ಗುವುದಿಲ್ಲ, ಆದರೂ ಎದೆಗವಚಿಕೊಂಡು ಹೋದಳು.

ಎಷ್ಟು ದಿನ ಎಂದು ಡಾಕ್ಟರಮ್ಮನನ್ನು ಕೇಳಿದೆ. "ತಿಂಗಳುಗಳ ಲೆಕ್ಕ. ವರ್ಷ ಅಂತ ಹೇಳಿ ನಿಮಗೆ ಮೋಸ ಮಾಡಲ್ಲ" ಎಂದು ನನ್ನ ಕೈ ಹಿಡಿದುಕೊಂಡರು. ಹಾಗೆ ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಕೈಯಲ್ಲೇ ಗೊತ್ತಾಯಿತು.

ಮಿಷನ್ ವಿಷಯ. ನೀನು ಹೋದ ದಿನ ನಾನು ತುಳಿಯುತ್ತಿದ್ದುದು ನಿಜ. ಸೂಜಿಯಲ್ಲಿ ದಾರವಿರಲಿಲ್ಲ. ನಿಲ್ಲಿಸಿದರೆ ಓಡಿ ಬಂದು ನಿನ್ನ ಪೆಟ್ಟಿಗೆ ಕಿತ್ತುಕೊಳ್ಳುತ್ತೇನೆಂದು ಹೆದರಿ, ಒಂದು ಚಿಂದಿಯ ಮೇಲೆ ಬರೀ ತೂತು ಹಾಕುತ್ತ ಕೂತಿದ್ದೆ. ಮಗ ನನ್ನವನು, ನೀನು ನನ್ನವಳು, ನಾನು ಯಾರ ಪರ ಎದ್ದು ನಿಲ್ಲಲಿ? ಏಳದೇ ಉಳಿದೆ. ಅದು ತಪ್ಪೆಂದು ಆ ಸಂಜೆಯೇ ತಿಳಿದಿತ್ತು. ಹೇಳಲು ನಾಲ್ಕು ವರ್ಷ ಬೇಕಾಯಿತು.

ರಜೆಯನ್ನು ಕೊಳೆಸಬೇಡ. ನಿನ್ನ ಹಳೆಯ ಕೋಣೆಯಲ್ಲಿ ಈಗ ಬಟ್ಟೆಯ ಥಾನುಗಳಿವೆ. ಮಗ ಖಾಲಿ ಮಾಡುತ್ತಿದ್ದಾನೆ.

ಅತ್ತೆ


ಜೂನ್ 6, ಬೆಳಿಗ್ಗೆ

ಭೂತಕನ್ನಡಿ,

ಪಕ್ಕದ ಕೋಣೆಯಲ್ಲಿರುವವಳಿಗೆ ಕಾಗದ ಬರೆಯುವ ಮುದುಕಿಯನ್ನು ಕಂಡರೆ ಜನ ಕಾಯಿಲೆ ಏರಿತು ಎನ್ನುತ್ತಾರೆ. ಏರಿಲ್ಲ. ಎದುರು ಕೂತು ಹೇಳಿದರೆ ನೀನು "ಈಗ ಆ ಮಾತೆಲ್ಲ ಯಾಕೆ" ಎಂದು ಮಾತ್ರೆ ಎಣಿಸಲು ತೊಡಗುತ್ತೀಯ, ಅದಕ್ಕೆ.

ನೀನೂ ಮಗನೂ ಔಷಧಿ ಅಂಗಡಿಗೆ ಹೋಗಿದ್ದೀರಿ. ಮೆಟ್ಟಿಲಿಳಿಯುವಾಗಲೇ ಜಗಳ.

"ಮೂಲೆ ಅಂಗಡಿ ಈಗಲೇ ತೆಗೆಯಲ್ಲ."

"ನೀನು ಹೋಗಿ ನಾಲ್ಕು ವರ್ಷ ಆಯ್ತು, ನಿನಗೇನ್ ಗೊತ್ತು?"

"ಯಾಕೆ, ನಾಲ್ಕು ವರ್ಷದಲ್ಲಿ ಅವನು ಬೇಗ ಏಳೋದು ಕಲಿತ್ನಾ?"

ಕೇಳುತ್ತ ಹಾಸಿಗೆಯಲ್ಲಿ ಒಬ್ಬಳೇ ನಕ್ಕೆ. ಹೆದರಬೇಡ, ನಿಮ್ಮನ್ನು ಮತ್ತೆ ಜೋಡಿಸುವ ಆಸೆ ನನಗಿಲ್ಲ. ಬಿಚ್ಚಿದ ಹೊಲಿಗೆಯ ತೂತಿನಲ್ಲೇ ಮತ್ತೆ ಹೊಲಿದರೆ ಬಟ್ಟೆ ಹರಿಯುತ್ತದೆ. ಬಿಡಿಬಿಡಿಯಾಗಿಯೇ ಇಬ್ಬರೂ ನನ್ನ ಮಕ್ಕಳು, ಜಗಳ ಕೇಳುವಷ್ಟು ಹತ್ತಿರದಲ್ಲಿದ್ದೀರಿ, ಸಾಕು.

ನಿನ್ನೆ ಮಧ್ಯಾಹ್ನವಿಡೀ ಕಿಟಕಿ ಎಂಬ ಮಾತು ನನಗೆ ಸಿಗಲಿಲ್ಲ. ಬೆರಳು ತೋರಿಸಿದೆ, ನೀನು ಏನೂ ಆಗದವಳ ಹಾಗೆ ಎದ್ದು ತೆರೆದೆ. ಇಂದು ಬೆಳಿಗ್ಗೆ ನನ್ನ ಮಾತುಗಳೆಲ್ಲ ಮನೆಯಲ್ಲೇ ಇವೆ. ಅವು ಇರುವಾಗಲೇ ಬರೆದುಬಿಡುತ್ತೇನೆ.

ಮುಂದೆ ಒಂದು ದಿನ ನಾನು ನಿನ್ನನ್ನು "ಯಾರು ನೀನು" ಎಂದು ಕೇಳಬಹುದು. ಬೈಯಬಹುದು, ಗಂಜಿಯ ಬಟ್ಟಲು ತಳ್ಳಬಹುದು. ಹಾಗಾಗಬಹುದೆಂದು ಡಾಕ್ಟರಮ್ಮ ಹೇಳಿದ್ದಾರೆ, ನೀನು ಮುಖ ತಿರುಗಿಸಿಕೊಂಡೆ, ನಾನು ನೋಡಿದೆ. ಆ ದಿನ ಬಂದಾಗ ಇದನ್ನು ತೆಗೆದು ಓದು. ಇದನ್ನು ಬರೆಯುತ್ತಿರುವ ನಾನು ನಿನ್ನನ್ನು ಚೆನ್ನಾಗಿ ಬಲ್ಲೆ. ಬರೀ ಒಂದು ಕಾಗದದಿಂದ, ಅಷ್ಟು ದೂರದಿಂದ, ನನ್ನ ಕೈ ಯಾವ ಗೆರೆಯನ್ನು ಎಳೆಯುವುದಿಲ್ಲ ಎಂದು ಗೊತ್ತಿದ್ದವಳು ನೀನು. ನನ್ನ ಹೆತ್ತವ್ವನಿಗೂ ನಾನು ಅಷ್ಟು ತಿಳಿದಿರಲಿಲ್ಲ.

ಕಾಯಿಲೆಯ ಹೆಸರು ಸಿಗದೇ ಹೋಗಿದ್ದರೆ ಈ ತಿಂಗಳುಗಳನ್ನು ಕನ್ನಡಕ ಬದಲಿಸುತ್ತ, ಹಲ್ಲು ಕೀಳಿಸುತ್ತ, ನನ್ನ ಮೇಲೇ ನಾನು ಅನುಮಾನಪಡುತ್ತ ಕಳೆದಿರುತ್ತಿದ್ದೆ. ಅದರ ಬದಲು ಮೇಷ್ಟ್ರು ಹೊಸ ತೋಳು ಹಾಕಿಕೊಂಡು ಬಂದು ಹಾಸಿಗೆಯ ಪಕ್ಕ ನಿಂತು ನುಡಿಸಿದ್ದನ್ನು ಕೇಳಿದೆ. ಅಪಸ್ವರ ಎರಡೇ. ಮಗ ಅಳುವುದನ್ನು ಕಲಿತ. ನೀನು ಮನೆಗೆ ಬಂದೆ. ಇಷ್ಟನ್ನು ಕೊಟ್ಟವರನ್ನೆಲ್ಲ ನೆನೆದೆ: ಫೋನ್ ಮೊಗಚಿಟ್ಟ ಡಾಕ್ಟರಮ್ಮ, ಬಾಗಿಲಲ್ಲಿ ಕೈಚಾಚಿ ನಿಂತ ಆ ಲ್ಯಾಬಿನವರು, ಅವರ ಮುಖ ನಾನು ನೋಡೇ ಇಲ್ಲ. ನನ್ನ ಪರವಾಗಿ ಒಂದು ಸಲ ಹೋಗಿ ಅವರನ್ನು ಮಾತಾಡಿಸಿ ಬಾ. ಲ್ಯಾಬಿನಲ್ಲಿ ಕೆಲಸ ಮಾಡುವ ನಿಮ್ಮಂಥವರನ್ನು ಯಾರೂ ಹಾಗೆ ಮಾತಾಡಿಸುವುದಿಲ್ಲ, ನೀನೇ ಹೇಳಿದ್ದೆ.

ಮೆಟ್ಟಿಲಲ್ಲಿ ಸದ್ದು. ಜಗಳ ಮುಗಿದಿಲ್ಲ, ಅಂಗಡಿ ತೆರೆದಿತ್ತೋ ಇಲ್ಲವೋ. ಇದನ್ನು ನಿನ್ನ ದಿಂಬಿನ ಕೆಳಗೆ ಇಡಬೇಕು. ಗೋಡೆ ಹಿಡಿದುಕೊಂಡು ಹದಿನಾಲ್ಕು ಹೆಜ್ಜೆ. ಬೆಳಿಗ್ಗೆಯೇ ಒಮ್ಮೆ ನಡೆದು ಎಣಿಸಿ ಬಂದಿದ್ದೇನೆ, ಆಗುತ್ತದೆ.

ನಿನ್ನ ಅತ್ತೆ